ಕೆಂಪು ಅಂಕಿ ಕಾಣುವ ತನಕ

ಟಿಕೋಟಾದಿಂದ ಘೋಣಸಗಿಗೆ ಹೊರಡುವ ರಸ್ತೆಯ ಬದಿಯಲ್ಲಿ ಗೈಬುಸಾಬನ ಮನೆ. ಮನೆಗೆ ಅಂಟಿಕೊಂಡ ತಗಡಿನ ಛಾವಣಿಯ ಕೆಳಗೆ ಕಬ್ಬಿಣ ಕಡೆಯುವ ಅವನ ಹಳೆಯ ಲೇಥ್ ಮಷಿನ್. ಹರೆಯದಲ್ಲಿ ವಿಜಯಪುರದ ವರ್ಕ್‌ಶಾಪೊಂದರಲ್ಲಿ ಅದೇ ಮಷಿನ್ ಮೇಲೆ ಕೆಲಸ ಕಲಿತಿದ್ದ. ಮಾಲೀಕರು ಅದನ್ನು ಗುಜರಿಗೆ ಹಾಕಲು ಹೊರಟಾಗ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಊರಿಗೆ ತಂದ. ಸುತ್ತಲಿನ ದ್ರಾಕ್ಷಿ ತೋಟಗಳಲ್ಲಿ ಔಷಧ ಹೊಡೆಯುವ ಪಂಪು ಕೆಟ್ಟರೆ, ಅದರ ಶಾಫ್ಟು, ಬುಶ್ಶು ಅವನ ಕೈಯಲ್ಲೇ ಆಗಬೇಕು.

ಸಕ್ಕರೆ ಕಾಯಿಲೆ ಮೊದಲು ಕಾಲಿಗೆ ಬಂತು, ಆಮೇಲೆ ಕಣ್ಣಿಗೆ. ಕಬ್ಬಿಣ ಕೆತ್ತುವ ಟೂಲನ್ನು ಸರಿಸುವ ಹಿಡಿಯ ಬಳೆಯ ಮೇಲಿದ್ದ ಅಳತೆಯ ಗೆರೆಗಳು ಒಂದರೊಳಗೊಂದು ಕೂಡಿಕೊಂಡವು, ನಂತರ ಅಳಿಸಿಹೋದವು. ಆಗ ಹೆಂಡತಿ ಪೀರಾಂಬಿ ಪಕ್ಕದಲ್ಲಿ ನಿಂತು ಗೆರೆ ಓದತೊಡಗಿದಳು. ಒಳಗೆ ಹೋಗಿ ರೊಟ್ಟಿ ತಿರುವಿಹಾಕಿ ಬಂದು ಮತ್ತೆ ಓದುವಳು. ಘೋಣಸಗಿಯ ಪರಸಪ್ಪ ಹಳೆಯ ಗಿರಾಕಿ, ಚೇಷ್ಟೆ ಮಾಡುವವ. ಒಮ್ಮೆ ಇದನ್ನು ನೋಡಿ, “ವೈನಿ ಓದ್ತಾರ, ಅಣ್ಣ ತಿರುವ್ತಾನ. ನಾ ಸಲಾಂ ಯಾರಿಗೆ ಹೊಡೀಲಿ?” ಅಂದ. ಪೀರಾಂಬಿ ನಕ್ಕಳು. ಗೈಬುಸಾಬ ನಗಲಿಲ್ಲ.

ವಿಜಯಪುರದಲ್ಲಿ ಫಿಟ್ಟರ್ ಆಗಿರುವ ಅಕ್ಕನ ಮಗ ಉಮರ ಒಂದು ಸ್ಕೇಲು ತಂದು ಮಷಿನ್‌ಗೆ ಕೂಡಿಸಿಕೊಟ್ಟ. ಅಲ್ಯೂಮಿನಿಯಂ ಪಟ್ಟಿಯೊಳಗೆ ಗಾಜಿನ ಅಳತೆಪಟ್ಟಿ, ಅದರ ಗುಂಟ ಸರಿಯುವ ಸಣ್ಣ ಡಬ್ಬಿ, ಅಲ್ಲಿಂದ ಗೋಡೆಯ ಪೆಟ್ಟಿಗೆಗೆ ಒಂದು ವಾಯರು. ಮಷಿನ್‌ನ ಸ್ಕ್ರೂ ಸವೆದಿತ್ತು; ಹಿಡಿ ತಿರುಗಿದರೂ ಟೂಲು ತುಸು ಹೊತ್ತು ನಿಂತಲ್ಲೇ ಇರುತ್ತಿತ್ತು. ಸ್ಕೇಲು ಹಿಡಿಯನ್ನು ನಂಬುವುದಿಲ್ಲ. ಟೂಲು ನಿಜವಾಗಿ ಎಲ್ಲಿದೆಯೋ ಅದನ್ನು ಪೆಟ್ಟಿಗೆಯ ಮೇಲೆ ದೊಡ್ಡ ಕೆಂಪು ಅಂಕಿಗಳಲ್ಲಿ ತೋರಿಸುತ್ತದೆ. ಕರೆಂಟು ತಪ್ಪಿದರೆ ಮಾತ್ರ ಎಲ್ಲ ಮರೆತು ಸೊನ್ನೆಗೆ ಬರುತ್ತದೆ, ಆಗ ಹೊಸದಾಗಿ ಅಳೆದು ಕೂಡಿಸಬೇಕು ಎಂದು ಉಮರ ಇಬ್ಬರಿಗೂ ತಿಳಿಸಿ ಹೋದ.

ತಿರುಗುವ ಮಷಿನ್ ಹತ್ತಿರ ಇನ್ನು ಕೈ ಒಯ್ಯಬೇಡ ಎಂದು ಕಣ್ಣಿನ ಡಾಕ್ಟರು ಆಗಲೇ ಹೇಳಿದ್ದರು. ತುಂಡನ್ನು ಕಚ್ಚಿ ಹಿಡಿದು ತಿರುಗುವ ಚಕ್ಕು ಒಮ್ಮೆ ಅವನ ಅಂಗಿಯ ತೋಳನ್ನು ಎಳೆದು ಹರಿದಿತ್ತು. ಪೀರಾಂಬಿ ಆ ತೋಳನ್ನು ಹೊಲಿಯದೆ ಹಾಗೆಯೇ ಇಟ್ಟಿದ್ದಳು. ಸ್ಕೇಲು ಬಂದ ದಿನ ಗೈಬುಸಾಬ ತಾನಾಗಿಯೇ ಮಾತು ಕೊಟ್ಟ.

“ಆ ಕೆಂಪ ಅಂಕಿ ಕಾಣೂತನಕ ಮಾಡ್ತೇನಿ. ಕಾಣದ ದಿನ ಚಕ್ಕಿನ ಕೀಲಿ ನಿನ್ನ ಕೈಯಾಗ ಕೊಡ್ತೇನಿ.”

ಆ ಕೀಲಿಯಿಲ್ಲದೆ ಚಕ್ಕು ಏನನ್ನೂ ಕಚ್ಚದು.

ಒಂದು ವರ್ಷ ಚೆನ್ನಾಗಿ ನಡೆಯಿತು. ಈಚೆಗೆ ಪೀರಾಂಬಿ ಕಸ ಗುಡಿಸುವಾಗ ಮಷಿನ್ ಅಡಿಯ ಚೂರುಗಳ ನಡುವೆ ಪೂರ್ತಿಯಾದ ಬುಶ್ಶುಗಳು ಸಿಗುತ್ತಿದ್ದವು. ಕೇಳಿದರೆ ಗೈಬುಸಾಬ ಮಾಲು ಸರಿ ಇರಲಿಲ್ಲ ಎನ್ನುತ್ತಿದ್ದ.

ತೋಟಗಳಲ್ಲಿ ಔಷಧ ಹೊಡೆಯುವ ಗಡಿಬಿಡಿಯ ದಿನಗಳು. ಪರಸಪ್ಪ ಬುಶ್ಶಿಗಾಗಿ ಬಂದ. ಅವನ ಫೋನಿನ ಬ್ಯಾಟರಿ ಮುಗಿದಿತ್ತು. ಬೋರ್ಡಿನಲ್ಲಿ ಖಾಲಿ ಜಾಗ ಕಾಣದೆ ಕೈಗೆ ಸಿಕ್ಕ ಪ್ಲಗ್ಗು ಕಿತ್ತು, ತನ್ನ ಚಾರ್ಜರ್ ಸಿಕ್ಕಿಸಿ, ಹೊರಗೆ ಬೇವಿನ ನೆರಳಿಗೆ ಹೋಗಿ ಕೂತ.

ಪೀರಾಂಬಿ ಚಹಾ ತಂದಾಗ ಮಷಿನ್ ತಿರುಗುತ್ತಿತ್ತು. ಗೋಡೆಯ ಪೆಟ್ಟಿಗೆ ಕಪ್ಪಗಿತ್ತು.

ಎಷ್ಟು ಉಳಿಯಿತೆಂದು ಪರಸಪ್ಪ ಹೊರಗಿನಿಂದಲೇ ಕೂಗಿ ಕೇಳಿದ. ಗೈಬುಸಾಬ ಮುಖ ಎತ್ತಿ ಪೆಟ್ಟಿಗೆಯತ್ತ ನೋಡಿದ. ಓದುವವರಂತೆ ಕಣ್ಣು ಕಿರಿದು ಮಾಡಿ, “ನಲವತ್ತು ಪಾಯಿಂಟ್ ಆರ ಅದ. ನಲವತ್ತಕ್ಕ ಇಳಿಸಾಕತ್ತೇನಿ, ತಡಿ” ಅಂದ. ಹಿಡಿಯನ್ನು ಒಂದಿಷ್ಟು ತಿರುಗಿಸಿದ. ಮತ್ತೆ ಮುಖ ಎತ್ತಿದ. “ಪಾಯಿಂಟ್ ಎರಡ ಉಳೀತು.”

ಚಹಾದ ಕಪ್ಪು ಅವಳ ಕೈಯಲ್ಲೇ ಆರುತ್ತಿತ್ತು. ಅವನ ಬೆರಳುಗಳು ಚಕ್ಕಿನಿಂದ ಗೇಣು ದೂರದಲ್ಲಿದ್ದವು. ಕೂಗಿದರೆ ಬೆಚ್ಚಿ ಕೈ ಎಲ್ಲಿ ಹೋದೀತೋ. ಪರಸಪ್ಪನ ಎದುರು ಹೇಳಿದರೆ ಊರಿಗೆಲ್ಲ ಹೇಳಿದಂತೆ. ಸುಮ್ಮನಿದ್ದರೆ ಅಳತೆ ತಪ್ಪಿದ ಬುಶ್ಶು ಅವನ ಹೆಸರು ಹೊತ್ತು ಹೊರಗೆ ಹೋಗುತ್ತದೆ.

ಅವಳು ಬಾಗಿಲಿಗೆ ಬಂದು ಪರಸಪ್ಪನಿಗೆ ಚಹಾ ಕೊಟ್ಟಳು.

“ನಾಳಿ ಬರ್ರಿ ಅಣ್ಣಾ. ಇನ್ನೂ ಒಂದ ಕೈ ಆಗೂದೈತಿ.”

ಈಗಷ್ಟೇ ಪಾಯಿಂಟ್ ಎರಡೇ ಉಳಿಯಿತೆಂದನಲ್ಲ ಎಂದು ಪರಸಪ್ಪ ಗೊಣಗಿದ. ಚಹಾ ಕುಡಿದು ಫೋನು, ಚಾರ್ಜರ್ ಬಿಚ್ಚಿಕೊಂಡು ಹೋದ. ಅವನು ಕಿತ್ತಿದ್ದ ಪೆಟ್ಟಿಗೆಯ ಪ್ಲಗ್ಗು ಕೆಳಗೆ ತೂಗಾಡುತ್ತಲೇ ಉಳಿಯಿತು.

ಗೈಬುಸಾಬ ಮಷಿನ್ ಬಂದ್ ಮಾಡಿದ. ಚಕ್ಕು ನಿಧಾನವಾಗಿ ನಿಂತಿತು. ಹೆಂಡತಿ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಿದ್ದು ಇದೇ ಮೊದಲು. ಅವಳು ಬೋರ್ಡಿನ ಕಡೆ ನಡೆದದ್ದು, ಪ್ಲಗ್ಗು ಸಿಕ್ಕಿಸಿದ್ದು ಅವನಿಗೆ ಕೇಳಿಸಿತು.

“ಎಷ್ಟ ತೋರಿಸ್ತದ?” ಅಂದ.

“ಸೊನ್ನಿ ಅದರೀ.”

ಅವನು ಎಣ್ಣೆಯ ಕೈಯನ್ನು ಲುಂಗಿಗೆ ಒರೆಸಿಕೊಂಡ. ಬಹಳ ಹೊತ್ತು ಒರೆಸಿದ.

“ರಮಜಾನಿನಾಗ ಬರೇ ಕೆಂಪಗ ಕಾಣತಿತ್ತು, ಅಂಕಿ ಅಲ್ಲ. ಈಗೀಗ ಅದೂ ಇಲ್ಲ.”

ಆಮೇಲೆ ಚಕ್ಕಿನ ಕೀಲಿಯನ್ನು ತಡಕಿ ತೆಗೆದು, ಅವಳ ದನಿ ಬಂದಿದ್ದ ಬೋರ್ಡಿನತ್ತ ಕೈ ಚಾಚಿದ. ಅವನು ಕೈ ಒರೆಸುವಷ್ಟರಲ್ಲಿ ಅವಳು ಅವನ ಇನ್ನೊಂದು ಬದಿಗೆ ಬಂದಿದ್ದಳು. ಸಪ್ಪಳವಾಗದಂತೆ ನಡೆದು, ಅವನ ಕೈಯಿದ್ದಲ್ಲಿಗೆ ಬಂದು ನಿಂತು, ತೆಗೆದುಕೊಂಡಳು.