ಥಿಯೋಡೋರನ ಎಡಗೈ

ಕಲ್ಯಾಣಪುರದ ಥಿಯೋಡೋರ್ ದೋಹಾಕ್ಕೆ ಬಂದದ್ದು ೨೦೦೧ರಲ್ಲಿ, ಹಡಗು ಏಜೆನ್ಸಿಯೊಂದರ ಗುಮಾಸ್ತನಾಗಿ. ಬಿನ್ ಮಹಮೂದ್ ಬಡಾವಣೆಯ ಫ್ಲಾಟೊಂದರಲ್ಲಿ ಅವನಿಗೊಂದು ಮಂಚ ಸಿಕ್ಕಿತು. ಜೊತೆಗಿದ್ದ ಮೂವರು ಮಲಯಾಳಿಗಳು ಒಳ್ಳೆಯವರೇ. ಆದರೆ ಅವರ ಹರಟೆ ರಂಗೇರಿದಾಗ ಇವನು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ.

ಅವನು ಕಾಲೇಜಿನಲ್ಲಿ ಎಡಗೈ ಸ್ಪಿನ್ನರ್ ಆಗಿದ್ದನೆಂದು ತಿಳಿದು, ಆಫೀಸಿನ ತಿರುಮಲೇಶ್ ಶುಕ್ರವಾರದ ಲೀಗಿನಲ್ಲಿ ಆಡುವ ತನ್ನ ತಂಡಕ್ಕೆ ಕರೆದ. ಬಿ ಡಿವಿಷನ್. ಅಲ್ ಥುಮಾಮಾದ ಆಚೆ ಬರೀ ಮರಳು ನೆಲ, ನಡುವೆ ಸಿಮೆಂಟಿನ ಮೇಲೊಂದು ಮ್ಯಾಟು. ಅಲ್ಲಿಯವರ ಮಾತಿನಲ್ಲಿ ಹುಲ್ಲು ಮಾಫಿ, ಅಂದರೆ ಇಲ್ಲವೇ ಇಲ್ಲ. ಮೊದಲ ವರ್ಷವೇ ಇಪ್ಪತ್ತೆಂಟು ವಿಕೆಟ್ ಬಂದವು.

೨೦೦೪ರಲ್ಲಿ ಒಂದೇ ಪಂದ್ಯದಲ್ಲಿ ಏಳು. ಅಂದು ತಂಡದವರು ಅವನಿಗೆ ಬಿರಿಯಾನಿ ತಿನ್ನಿಸಿ ತಂತಮ್ಮ ಮನೆಗೆ ಹೊರಟರು. ಅವನು ಊರಿಗೆ ಫೋನ್ ಮಾಡಿದ. ಮಗಳ ಜ್ವರದ ಗಡಿಬಿಡಿಯಲ್ಲಿದ್ದ ಹೆಂಡತಿ ಪ್ಯಾಟ್ರಿಷಿಯಾ, ಏಳು ಅಂದರೆ ಜಾಸ್ತಿಯಾ ಎಂದು ಕೇಳಿದಳು. ಪರವಾಗಿಲ್ಲ ಎಂದ ಥಿಯೋಡೋರ್.

೨೦೦೬ರ ಚಳಿಗಾಲದ ಮೊದಲ ಪಂದ್ಯದಲ್ಲಿ ಚೆಂಡು ಅವನ ಬೆರಳುಗಳನ್ನು ಬಿಡಲಿಲ್ಲ. ಎಸೆದದ್ದು ಕಾಲ ಬುಡದಲ್ಲೇ ಬಿತ್ತು. ಮುಂದಿನದು ಕೀಪರನ ತಲೆ ಮೇಲೆ ಹಾರಿತು. ತಂಡದವರು ನಕ್ಕರು; ಮೂರನೇ ವಾರಕ್ಕೆ ನಗುವುದನ್ನೂ ನಿಲ್ಲಿಸಿದರು. ಡಾಕ್ಟರು ಕೈಯಲ್ಲಿ ಏನೂ ದೋಷವಿಲ್ಲ ಎಂದರು. ಕೊನೆಗೆ ತಿರುಮಲೇಶ್, ಕಣ್ಣು ತಪ್ಪಿಸಿಕೊಂಡೇ, ಸ್ವಲ್ಪ ದಿನ ಸ್ಕೋರ್ ಬರೆಯುತ್ತೀರಾ ಎಂದು ಕೇಳಿದ. ಥಿಯೋಡೋರ್ ಪುಸ್ತಕ ತೆಗೆದುಕೊಂಡ.

ಶನಿವಾರ ಮಧ್ಯಾಹ್ನ ಮಾತ್ರ ಒಬ್ಬನೇ ಆ ಮೈದಾನಕ್ಕೆ ಹೋಗುತ್ತಿದ್ದ. ಒಂದು ಸ್ಟಂಪ್ ನಿಲ್ಲಿಸಿ ಚೆಂಡು ಹಾಕುತ್ತಿದ್ದ, ತಾನೇ ಹೋಗಿ ಹೆಕ್ಕಿಕೊಂಡು ಬರುತ್ತಿದ್ದ. ಅಲ್ಲಿ ಚೆಂಡು ಹೇಳಿದ ಜಾಗದಲ್ಲೇ ಬೀಳುತ್ತಿತ್ತು, ತಿರುಗುತ್ತಿತ್ತು. ಹೀಗೇ ಒಂದು ವರ್ಷ ನಡೆಯಿತು.

ಒಂದು ದಿನ ಆ ದಾರಿಯಲ್ಲಿ ಬಂದ ತಿರುಮಲೇಶ್ ಕಾರು ನಿಲ್ಲಿಸಿ, ಸದ್ದು ಮಾಡದೆ ಎಂಟು ಚೆಂಡು ನೋಡಿದ. ಆಮೇಲೆ ಹತ್ತಿರ ಬಂದ.

"ಇದನ್ನೇ ಶುಕ್ರವಾರ ಹಾಕಿದರೆ ಸಾಕಲ್ಲ."

"ನೀವು ನಿಂತಿದ್ದೀರಿ ಅಂತ ಗೊತ್ತಿದ್ದರೆ ಇದೂ ಬೀಳ್ತಿರಲಿಲ್ಲ," ಎಂದ ಥಿಯೋಡೋರ್.

"ನಾನು ಆ ಕಡೆ ತಿರುಗಿ ನಿಲ್ತೇನೆ. ಒಂದು ಹಾಕಿ," ಎಂದು ತಿರುಮಲೇಶ್ ಬೆನ್ನು ಹಾಕಿ ನಿಂತ. ಥಿಯೋಡೋರ್ ನಾಲ್ಕು ಹೆಜ್ಜೆ ಓಡಿ ಬಂದ. ಕೈ ಮೇಲೇರಿತು. ಚೆಂಡು ಮ್ಯಾಟಿನಿಂದಾಚೆ ಮರಳಿಗೆ ಬಿದ್ದು ಅಲ್ಲೇ ನಿಂತಿತು. ಬಿದ್ದ ಸದ್ದಿನಲ್ಲೇ ತಿರುಮಲೇಶನಿಗೆ ಗೊತ್ತಾಯಿತು. ಹೋಗಿ ಹೆಕ್ಕಿ ತಂದು ಅವನ ಕೈಗಿಟ್ಟ. ಇನ್ನೊಂದು ಹಾಕಿ ಎನ್ನಲಿಲ್ಲ.

ಥಿಯೋಡೋರ್ ಮತ್ತೆ ಪಂದ್ಯದಲ್ಲಿ ಆಡಲಿಲ್ಲ. ಐದು ಸೀಸನ್ನಿನಲ್ಲಿ ಅವನ ಹೆಸರಿಗಿದ್ದದ್ದು ನೂರಾ ಹತ್ತೊಂಬತ್ತು ವಿಕೆಟ್. ಶನಿವಾರದ ಅಭ್ಯಾಸ ಮಾತ್ರ ಬಿಡಲಿಲ್ಲ. ೨೦೦೯ರಲ್ಲಿ ಆ ಮರಳಿಗೆ ತಗಡಿನ ಬೇಲಿ ಬಿದ್ದು, ಒಳಗೆ ವಿಲ್ಲಾಗಳ ಪಾಯ ತೋಡತೊಡಗಿದರು. ಆ ಶನಿವಾರ ಅವನು ಬೇಲಿಯ ಉದ್ದಕ್ಕೂ ಒಂದು ಸುತ್ತು ನಡೆದು, ಬಸ್ಸು ಹಿಡಿದು ರೂಮಿಗೆ ಹೋದ.