ಗುಂಯ್ಯಪ್ಪನ ಗೆರೆ

ಸಾಯುವ ಹಿಂದಿನ ದಿನವೂ ಗುಂಯ್ಯಪ್ಪ ಬೆಳಿಗ್ಗೆ ಎದ್ದವನೇ ಹೆಂಡತಿಯ ಮೇಲೆ ರೇಗಿದ.

"ಫ್ಯಾನ್ ಆರ್ಸು ಅಂದ್ನಲ್ಲೇ!"

"ಆರ್ಸಿದೀನಿ."

"ಫ್ರಿಜ್ಜು?"

"ಅದನ್ನೂ ಆರ್ಸಿದೀನಿ. ಇನ್ನು ಉಳಿದಿರೋದು ನಾನೊಬ್ಳು. ನನ್ನೂ ಆರ್ಸಿಬಿಡಿ."

"ಉಸಿರು ಬಿಗಿ ಹಿಡ್ಕೋ, ಸಾಕು."

ಅವಳು ಬಾಗಿಲಿಗೆ ಒರಗಿ ಉಸಿರು ಬಿಗಿಹಿಡಿದಳು. ಮುಂಗೋಣೆಯ ನಡುವೆ ಸ್ಟೂಲಿನ ಮೇಲಿದ್ದ ಸ್ಪೀಕರು ಗುಂಯ್ ಎಂದು ಶುರುಮಾಡಿತು. ಏರುತ್ತ ಏರುತ್ತ ಸೊಳ್ಳೆಯ ದನಿಯಾಗಿ, ಅದಕ್ಕಿಂತಲೂ ಸಣ್ಣಗಾಗಿ, ಕಿವಿಗೆ ಸಿಗದ ಹಾಗೆ ಹೊರಟುಹೋಯಿತು. ಎದುರಿಗೆ ನಿಲ್ಲಿಸಿದ್ದ ಪೆನ್ಸಿಲ್‌ನಂಥ ಮೈಕು ಅದನ್ನು ಕೇಳಿಸಿಕೊಂಡಿತು. ಮೂಲೆಯ ಹಳೆ ಟೀವಿಯಲ್ಲಿ ಒಂದು ಗೆರೆ ನಿಧಾನಕ್ಕೆ ಮೂಡಿತು.

ಈ ಸದ್ದಿನಿಂದಲೇ ಬೀದಿಯವರು ಅವನಿಗೆ ಗುಂಯ್ಯಪ್ಪ ಎಂದು ಹೆಸರಿಟ್ಟಿದ್ದು. ಅವನ ಕಸುಬು ಸ್ಪೀಕರ್ ರಿಪೇರಿ. ಸುಟ್ಟ ಕಾಯಿಲ್ ಬಿಚ್ಚಿ ಹೊಸದಾಗಿ ಸುತ್ತುವುದು, ಹರಿದ ಕಾಗದದ ಕೋನ್ ಕಿತ್ತು ಬೇರೆಯದನ್ನು ಅಂಟಿಸುವುದು. ಗುಣದಲ್ಲಿ ಮೆಣಸಿನಕಾಯಿ. ಗಿರಾಕಿ ಅವಸರ ಮಾಡಿದರೆ, "ಅಂಟು ಒಣಗೋದು ನಿಮ್ಮಪ್ಪ ಹೇಳಿದ ಹೊತ್ತಿಗಲ್ಲ" ಎನ್ನುವ ಬಾಯಿ. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕಂತೆ. ಅವನು ಒಳ್ಳೆಯ ಮಾತಿನವನಲ್ಲ, ಒಳ್ಳೆಯ ಕೆಲಸದವನು. ಅಷ್ಟು ಹೇಳಿದರೆ ಸುಳ್ಳಾಗುವುದಿಲ್ಲ.

ರಿಪೇರಿಯಾದ ಸ್ಪೀಕರನ್ನು ಎಲ್ಲರೂ ಹಾಡು ಹಾಕಿ ನೋಡುತ್ತಾರೆ. ಇವನಿಗೆ ಅದು ಸಾಲದು. ದಪ್ಪ ಸದ್ದು, ಸಣ್ಣ ಸದ್ದು ಎಲ್ಲ ಒಂದೇ ಮಟ್ಟದಲ್ಲಿ ಬಂದು ಗೆರೆ ನೆಟ್ಟಗಿದೆಯೇ ಎಂದು ಅಳೆಯಬೇಕು. ಅಳೆಯುವ ಪ್ರೋಗ್ರಾಂ ಓಡಿಸಲು ದೊಡ್ಡ ಕಂಪ್ಯೂಟರ್ ಕೊಳ್ಳುವ ಯೋಗ್ಯತೆ ಇರಲಿಲ್ಲ. ಕೊಂಡರೂ ಅದರ ಹೊಟ್ಟೆಯೊಳಗೊಂದು ಫ್ಯಾನ್ ಇರುತ್ತದೆ, ಅದರ ಸದ್ದೂ ಮೈಕಿಗೆ ಬೀಳುತ್ತದೆ ಎಂದು ಅಂಗೈಯಗಲದ ಒಂದು ಅಗ್ಗದ ಕಂಪ್ಯೂಟರ್ ಬೋರ್ಡ್ ತಂದು ಬಿಸ್ಕತ್ತಿನ ಡಬ್ಬಿಯಲ್ಲಿ ಕೂರಿಸಿದ. ತಂದ ಮೇಲೆ ಗೊತ್ತಾಯಿತು, ಅದರಲ್ಲಿ ಸದ್ದು ಹೊರಗೆ ಬರುವ ತೂತಿದೆ, ಒಳಗೆ ಹೋಗುವ ತೂತಿಲ್ಲ.

"ಬಾಯಿದೆ, ಕಿವಿ ಇಲ್ಲ" ಎಂದು ತಲೆ ಚಚ್ಚಿಕೊಂಡ.

"ಹಾಗಾದ್ರೆ ಗಂಡು ಜಾತೀದೇ ಬಿಡಿ" ಎಂದಳು ಹೆಂಡತಿ.

ಆಮೇಲೆ ಒಂದು ಸೌಂಡ್ ಕಾರ್ಡ್ ತಂದು ಸಿಕ್ಕಿಸಿ ಕಿವಿ ಕೊಟ್ಟ. ಪ್ರೋಗ್ರಾಂ ಹತ್ತು ಹೆಜ್ಜೆ ನಡೆದು ಏದುಸಿರು ಬಿಟ್ಟು ನಿಂತುಬಿಡುತ್ತಿತ್ತು. ಬೋರ್ಡಿನಲ್ಲಿದ್ದ ಆಟ, ಚಿತ್ರ, ಬೇಡದ್ದನ್ನೆಲ್ಲ ಕಿತ್ತೆಸೆದು, ಅದಕ್ಕೆ ಇದೊಂದೇ ಕೆಲಸ ಉಳಿಸಿದ. ಆಗ ಓಡಿತು. ಆಮೇಲೆ ಕೋಣೆಯ ಗೋಡೆಗಳ ಸರದಿ. ಬರೀ ಗೋಡೆ ಸದ್ದನ್ನು ವಾಪಸ್ ಎಸೆದು ಗೆರೆ ಕೆಡಿಸುತ್ತದೆ ಎಂದು ಮನೆಯಲ್ಲಿದ್ದ ದಪ್ಪ ರಜಾಯಿಗಳನ್ನೆಲ್ಲ ಮೊಳೆ ಹೊಡೆದು ನೇತುಹಾಕಿದ. ಚಳಿಯಲ್ಲಿ ಗೋಡೆ ಬೆಚ್ಚಗೆ ಮಲಗಿತು, ಗಂಡ ಹೆಂಡತಿ ತೆಳ್ಳನೆಯ ಚಾದರದಲ್ಲಿ ಮುದುರಿಕೊಂಡರು. ಅದಕ್ಕಾಗಿ ಅವಳು ಬೈದ ಬೈಗುಳ ಬೀದಿಯ ಆ ತುದಿಗೂ ಕೇಳಿಸಿರಬೇಕು.

ಆ ದಿನ ಅಳೆದದ್ದು ಅವನ ಅಣ್ಣ ತಂದ ಸ್ಪೀಕರು. ಅಣ್ಣನಿಗೆ ದೊಡ್ಡ ರಸ್ತೆಯಲ್ಲಿ ಸೌಂಡ್ ಸಿಸ್ಟಮ್ ಅಂಗಡಿ. ಸಭಾಂಗಣಗಳಿಗೆ ಸ್ಪೀಕರ್ ಪೆಟ್ಟಿಗೆ ಕೂರಿಸುತ್ತಾನೆ. ರಿಪೇರಿ ಮಾತ್ರ ತಮ್ಮನ ಹತ್ತಿರ. ಸ್ಪೀಕರ್ ಒಯ್ಯಲು ಬಂದವನು ಡಬ್ಬಿಯನ್ನು ನೋಡಿ ಎಂದಿನ ಹಾಗೆ ಮೂಗು ಮುರಿದ.

"ಇನ್ನೂ ಈ ಬೆಂಕಿಪೊಟ್ಟಣ ಇಟ್ಕೊಂಡಿದೀಯಾ? ಮೂವತ್ತು ವರ್ಷದ ಕಿವಿ ಕಣೋ ನಂದು."

"ಕಿವಿಗೆ ಮೂವತ್ತು ವರ್ಷ ಆಗಿರೋದೇ ತೊಂದ್ರೆ, ಅಣ್ಣ. ಗೆರೆ ನೋಡು. ಎಲ್ಲೂ ಹಳ್ಳ ಇಲ್ಲ, ದಿಣ್ಣೆ ಇಲ್ಲ. ತಗೊಂಡ್ಹೋಗು."

ಮಾರನೆಯ ಬೆಳಿಗ್ಗೆ ಮುಖ ತೊಳೆಯಲು ಹೋದವನು ಬಚ್ಚಲಲ್ಲೇ ಬಿದ್ದ. ಎತ್ತಿ ಕೂರಿಸುವಷ್ಟರಲ್ಲಿ ಹೋಗಿಬಿಟ್ಟಿದ್ದ. ನಲ್ಲಿ ಸುರಿಯುತ್ತಲೇ ಇತ್ತು.

ಮನೆ ತುಂಬ ನೆಂಟರು. ಎಲ್ಲವನ್ನೂ ಓಡಾಡಿ ನೋಡಿಕೊಂಡವಳು ಹೆಂಡತಿಯ ವಾರಗಿತ್ತಿ, ಅಂದರೆ ಆ ಅಣ್ಣನ ಹೆಂಡತಿ. ಇವಳಿಗೆ ಯಾರು ಬಂದರು, ಎಲ್ಲಿ ಮಲಗಿದರು, ಏನೂ ನೆನಪಿಲ್ಲ. ಮನೆ ಖಾಲಿಯಾಗಿ ಸ್ವಲ್ಪ ದಿನವಾಗಿರಬೇಕು, ಭಾವ ಅದೇ ಸ್ಪೀಕರನ್ನು ಹೊರಿಸಿಕೊಂಡು ಬಂದು ಬಾಗಿಲಲ್ಲಿ ಇಳಿಸಿದ.

"ಸಭೆ ಮಧ್ಯ ಗರಗರ ಅಂತು. ನಾಲ್ಕು ಜನರ ಮುಂದೆ ನನ್ನ ಮಾನ ಹೋಯ್ತು. ಕೊನೇ ಕೊನೇಲಿ ಅವನ ಕೈ ಕೆಟ್ಟಿತ್ತು ಬಿಡಮ್ಮ. ಹೋದವನನ್ನ ಅಂದೇನು ಪ್ರಯೋಜನ."

"ಅಂದಾಯ್ತಲ್ಲ ಭಾವ" ಎಂದಳು. "ಎಷ್ಟು ಜನಕ್ಕೆ ಅಂದಿದೀರಿ?"

"ಕೇಳ್ದೋರಿಗೆ ಹೇಳ್ಬೇಕಲ್ಲ. ನನ್ನ ಅಂಗಡಿ ನಡೀಬೇಡ್ವಾ?"

ಅವಳ ಮೈ ಉರಿದುಹೋಯಿತು. ಗಂಡ ಇಲ್ಲ, ಮಕ್ಕಳಿಲ್ಲ. ಅವನ ಹಿಂದೆ ಉಳಿದದ್ದು 'ಕೆಲಸ ಚೊಕ್ಕ' ಎಂಬ ಒಂದು ಮಾತು. ಅದನ್ನೂ ಇವನು ಮಣ್ಣು ಮಾಡುತ್ತಿದ್ದಾನೆ.

"ಅಳೆಯೋಣ. ನಿಂತ್ಕೊಳ್ಳಿ."

"ನೀನು ಅಳೀತೀಯಾ? ಅಕ್ಷರ ಕೂಡಿಸಿ ಓದೋಕೆ ಅರ್ಧ ದಿನ ಬೇಕು ನಿಂಗೆ!"

ಅವಳಿಗದು ದಿನವೂ ಬಾಗಿಲಿಗೆ ಒರಗಿ ನೋಡಿದ ಕೆಲಸ. ಮುಂದಿನ ಜಾಲರಿ ಬಿಚ್ಚಿದಳು, ಮೈಕನ್ನು ನೆಲದ ಗುರುತಿನ ಮೇಲೆ ನಿಲ್ಲಿಸಿದಳು, ಫ್ಯಾನ್ ಫ್ರಿಜ್ ಆರಿಸಿದಳು. ಡಬ್ಬಿಗೆ ವಿದ್ಯುತ್ ಕೊಟ್ಟು, ಅದು ಎದ್ದು ಕೂರುವ ತನಕ ಕಾದಳು. ಗುಂಯ್ ಎಂದಿತು. ಗೆರೆ ಮೂಡಿತು. ನಡುವೆ ಬಾವಿಯಂಥ ಹಳ್ಳ.

ಭಾವ ನಕ್ಕ. "ಅವನ ಬೆಂಕಿಪೊಟ್ಟಣವೇ ಹೇಳ್ತಿದೆ ನೋಡು. ಇನ್ನೇನು ಬೇಕು?" ಸ್ಪೀಕರನ್ನು ಮತ್ತೆ ಹೊರಿಸಿಕೊಂಡು ಹೊರಟುಹೋದ. ಬೇರೆ ಕಡೆ ಕೋನ್ ಬದಲಾಯಿಸುತ್ತಾನಂತೆ.

ಅವಳು ಟೀವಿಯ ಮುಂದೆ ಕೂತೇ ಇದ್ದಳು. ಆ ಹಳ್ಳವನ್ನು ನೋಡಿ ಗಂಡನ ಮೇಲೆ ಸಿಟ್ಟು ಬಂತು. ಸಾಯುವುದೇ ಆಗಿದ್ದರೆ ಕೆಲಸ ನೆಟ್ಟಗೆ ಮಾಡಿ ಸಾಯಬಾರದಿತ್ತೇ? ಕೈ ಸುಮ್ಮನಿರದೆ, ಕಪಾಟಿನಲ್ಲಿದ್ದ ಅವನ ಸ್ವಂತ ಸ್ಪೀಕರನ್ನು ತೆಗೆದು ಅಳೆದಳು. ಇದಕ್ಕೆ ಯಾವ ಕುಂದೂ ಇಲ್ಲವೆಂದು ಅವನು ಆಣೆಯಿಟ್ಟು ಹೇಳುತ್ತಿದ್ದ. ಅದರಲ್ಲೂ ಅದೇ ಹಳ್ಳ, ಅದೇ ಜಾಗದಲ್ಲಿ. ಇನ್ನೊಂದು ಅಳೆದಳು. ಅದರಲ್ಲೂ.

ಎಲ್ಲರ ಮುಖದಲ್ಲೂ ಒಂದೇ ಮಚ್ಚೆ ಕಂಡರೆ ಕನ್ನಡಿ ಒರೆಸಬೇಕು. ಅವಳು ತಲೆಯೆತ್ತಿ ಕೋಣೆಯನ್ನು ನೋಡಿದಳು. ಗೋಡೆಯಲ್ಲಿ ಬರೀ ಮೊಳೆಗಳಿದ್ದವು.

ಚಪ್ಪಲಿ ಮೆಟ್ಟಿದವಳೇ ವಾರಗಿತ್ತಿಯ ಮನೆಗೆ ನಡೆದಳು.

"ರಜಾಯಿ ಎಲ್ಲಕ್ಕ?"

"ಯಾವ ರಜಾಯಿ?"

"ಗೋಡೆ ಮೇಲಿದ್ವಲ್ಲ."

"ಓ, ಅದಾ! ಬಂದೋರು ನೆಲದ ಮೇಲೆ ಮಲಗ್ಬೇಕಿತ್ತಾ? ಹಾಸ್ದೆ. ಆಮೇಲೆ ಒಗೆಯೋಕೆ ತಂದೆ. ಉಪಕಾರ ಮಾಡಿದ್ರೆ ಕಳ್ಳಿ ಅಂತ ಬರ್ತೀಯಲ್ಲೇ! ಗಂಡ ಹೋದ್ರೂ ನಾಲಿಗೆ ಹೋಗ್ಲಿಲ್ಲ ನಿಂಗೆ."

"ನಾಲಿಗೆ ಬೇಕಾಗುತ್ತೆ ಅಕ್ಕ, ನಿಮ್ಮನೇಲಿ. ರಜಾಯಿ ಕೊಡಿ."

ಸ್ಪೀಕರನ್ನು ಮತ್ತೆ ಮನೆಗೆ ತರಿಸಿಕೊಳ್ಳುವ ಮಾತೇ ಇರಲಿಲ್ಲ. ಭಾವ ಕಳಿಸುವುದಿಲ್ಲ. ಬೇರೆಯವನು ಕೋನ್ ಕಿತ್ತರೆ ಗಂಡನ ಕೆಲಸ ಸರಿಯಿತ್ತೋ ಇಲ್ಲವೋ, ಇನ್ನು ಯಾರೂ ಹೇಳಲಾರರು. ಮನೆಗೆ ಬಂದು ತುಂಬಿದಾಗ ಡಬ್ಬಿ, ಮೈಕು, ವೈರುಗಳು ತರಕಾರಿ ಚೀಲದಲ್ಲಿ ಹಿಡಿಸಿದವು. ಅಂಗೈಯಗಲದ ಕಂಪ್ಯೂಟರಿನಿಂದ ಅಷ್ಟಾದರೂ ಸುಖ. ರಜಾಯಿಗಳನ್ನು ಹೆಗಲ ಮೇಲೆ ಹೇರಿಕೊಂಡು, ಅಗಸರವಳ ಹಾಗೆ ದೊಡ್ಡ ರಸ್ತೆಯಲ್ಲಿ ನಡೆದು ಭಾವನ ಅಂಗಡಿ ಹೊಕ್ಕಳು.

ಗಿರಾಕಿಗಳಿದ್ದರು. ಆಳುಗಳಿದ್ದರು. ಸ್ಪೀಕರು ಇನ್ನೂ ಮೇಜಿನ ಮೇಲಿತ್ತು.

"ಏನಮ್ಮ ಇದು, ಅಂಗಡೀಲಿ?"

"ಅಂಗಡೀಲೇ ಅಂದಿದ್ದು ನೀವು. ಅಂಗಡೀಲೇ ಅಳೀತೀನಿ."

ಸುತ್ತಲಿನ ಕಪಾಟುಗಳ ಮೇಲೆ ರಜಾಯಿ ಇಳಿಬಿಟ್ಟಳು. ಮಾರಾಟಕ್ಕಿಟ್ಟ ಟೀವಿಯೊಂದಕ್ಕೆ ಡಬ್ಬಿಯ ವೈರ್ ಸಿಕ್ಕಿಸಿದಳು. ಮೇಲಿನ ಫ್ಯಾನಿನ ಸ್ವಿಚ್ ಅವಳೇ ಆರಿಸಿದಳು. "ಯಾರೂ ಉಸಿರಾಡ್ಬೇಡಿ" ಎಂದಳು. ಹೇಳಿದ ರೀತಿಗೆ ಗಿರಾಕಿಗಳೂ ಉಸಿರು ಬಿಗಿಹಿಡಿದರು.

ಜಾಲರಿ ತೆಗೆದು ಅಳೆದಾಗ ಗೆರೆ ಚಾಪೆಯ ಅಂಚಿನ ಹಾಗೆ ನೆಟ್ಟಗೆ ಬಂತು. ಭಾವ ತುಟಿ ಕಚ್ಚಿದ. "ಹಾಗಾದ್ರೆ ಗರಗರ ಎಲ್ಲಿಂದ ಬಂತು? ಆಕಾಶದಿಂದ್ಲಾ?"

ಅದು ಅವಳಿಗೂ ಗೊತ್ತಿರಲಿಲ್ಲ. ಜಾಲರಿ ಕೂರಿಸಿ ಇನ್ನೊಮ್ಮೆ ಓಡಿಸಿದಳು. ಗುಂಯ್ ಎನ್ನುತ್ತಿದ್ದಂತೆಯೇ ಗರಗರ ಶುರುವಾಯಿತು. ಅವಳು ಅಂಗೈಯಿಂದ ಜಾಲರಿಯನ್ನು ಒತ್ತಿಹಿಡಿದಳು. ಗರಗರ ನಿಂತಿತು. ಕೈ ತೆಗೆದಳು. ಮತ್ತೆ ಬಂತು. ಜಾಲರಿ ಹೊಸದು, ಭಾವನ ಆಳುಗಳು ಸಭಾಂಗಣದಲ್ಲಿ ಹಾಕಿದ್ದು. ನಾಲ್ಕು ಮೂಲೆಗೆ ಎರಡೇ ಸ್ಕ್ರೂ.

ಯಾರೋ ಗಿರಾಕಿ ಕೆಮ್ಮಿದ. ಭಾವ ಆಳುಗಳ ಕಡೆ ತಿರುಗಿದ. "ಬಿಗಿ ಮಾಡ್ರೋ ಅದನ್ನ, ಕತ್ತೆಗಳಾ." ಆಮೇಲೆ ಇವಳಿಗೆ, "ಆಯ್ತಲ್ಲ, ಹೊರಡು."

"ಆಗಿಲ್ಲ. ಸಭಾಂಗಣದೋರಿಗೆ ಫೋನ್ ಮಾಡಿ."

"ಆಮೇಲೆ ಮಾಡ್ತೀನಿ."

"ಈಗ. ನಿಮ್ಮ ತಮ್ಮನ ಕೈ ಕೆಟ್ಟಿರ್ಲಿಲ್ಲ ಅನ್ನಿ. ಅಷ್ಟು ಅಂದ್ರೆ ಹೋಗ್ತೀನಿ." ಅವಳು ಸ್ಪೀಕರಿಗೆ ಬೆನ್ನು ಕೊಟ್ಟು ಮೇಜಿನ ಮೇಲೆಯೇ ಕೂತುಬಿಟ್ಟಳು. ಗಿರಾಕಿಗಳು ಹೋಗಲೂ ಇಲ್ಲ, ಏನೂ ಕೊಳ್ಳಲೂ ಇಲ್ಲ. ಸುಮ್ಮನೆ ನೋಡುತ್ತ ನಿಂತರು.

ಕೊನೆಗೆ ಭಾವ ಫೋನ್ ತೆಗೆದ. "ಹಾಂ, ಜಾಲರಿ ಲೂಸಾಗಿತ್ತು ಸಾರ್, ನಮ್ಮ ಹುಡುಗರ ತಪ್ಪು" ಎಂದ. ಅವಳು ಕದಲಲಿಲ್ಲ. ಅವನು ಗೋಡೆಯ ಕಡೆ ಮುಖ ತಿರುಗಿಸಿದ. "ತಮ್ಮನ ಕೆಲಸದಲ್ಲಿ ತಪ್ಪಿರ್ಲಿಲ್ಲ."

ಅವಳು ಇಳಿದು ರಜಾಯಿ ಮಡಚಿಕೊಂಡಳು. ಕ್ಷಮೆ ಕೇಳುವ ಜಾತಿಯಲ್ಲ ಆ ಮನೆಯವರದು. ಸತ್ತವನೂ ಕೇಳಿದವನಲ್ಲ. ಅವಳು ಕಾಯಲೂ ಇಲ್ಲ.

ಭಾವ ಈಗಲೂ ಅವಳ ಜೊತೆ ಮಾತಾಡುವುದಿಲ್ಲ. ಕೋನ್ ಅಂಟಿಸುವ ಕೆಲಸವನ್ನು ಬೇರೆಯವನಿಗೆ ಕೊಟ್ಟಿದ್ದಾನೆ. ಆದರೆ ಅಂಗಡಿಯಲ್ಲಿ ನಡೆದದ್ದು ಕೇಳಿದ ಸಭಾಂಗಣದವರು, ಅವಳು ಅಳೆಯದ ಪೆಟ್ಟಿಗೆ ತೆಗೆದುಕೊಳ್ಳುವುದಿಲ್ಲ ಎಂದಿದ್ದಾರೆ. ಹಾಗಾಗಿ ಅವನ ಆಳುಗಳು ಬೆಳಿಗ್ಗೆ ಪೆಟ್ಟಿಗೆಗಳನ್ನು ತಂದು ಮೆಟ್ಟಿಲ ಹತ್ತಿರ ಇಳಿಸಿ, ಅವಳ ಬಾಯಿಗೆ ಸಿಗದೆ ಓಡುತ್ತಾರೆ. ಅವಳು ಮುಖ ತೊಳೆದು, ನಲ್ಲಿ ಬಿಗಿಯಾಗಿ ನಿಲ್ಲಿಸಿ, ಹೊಸಿಲ ಮೇಲೆ ಕೂರುತ್ತಾಳೆ. ಮೊದಲ ಪೆಟ್ಟಿಗೆಯನ್ನು ಮಂಡಿಗೆ ಒರಗಿಸಿಕೊಂಡು, ಜಾಲರಿಯ ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿ ಬಟ್ಟಲಿಗೆ ಹಾಕುತ್ತಾಳೆ.