ಅತ್ತೆಯ ಮಂಡಿ

ಅತ್ತೆಯ ಎರಡೂ ಮಂಡಿಗಳ ಮೇಲೆ, ಸೀರೆಗೆ ಫಾಲ್ಸ್ ಹೊಲಿದ ಹಾಗೆ, ಸಣ್ಣಗೆ ನೇರವಾದ ಗಾಯದ ಗೆರೆಯಿತ್ತು. ಆ ಬೆಳಿಗ್ಗೆಯೂ ಎಂದಿನಂತೆ ಚಳ್ಳಕೆರೆಯ ನಮ್ಮ ಮನೆಯ ಹಿತ್ತಲಿನಲ್ಲಿ ಕುರ್ಚಿ ಹಾಕಿಕೊಂಡು, ಎಳೆಬಿಸಿಲಿಗೆ ಕಾಲು ಚಾಚಿ, ಮಂಡಿಗಳಿಗೆ ಕಡಲೆಕಾಯಿ ಎಣ್ಣೆ ಸವರಿಕೊಳ್ಳುತ್ತಿದ್ದರು.

ಕಾನ್ವೆಂಟಿನಲ್ಲಿ ಓದಿ ಬಂದ ನನಗೆ ರೊಟ್ಟಿ ತಟ್ಟಲು ಕಲಿಸಿದವರು ಅವರು. ನನ್ನ ರೊಟ್ಟಿ ಅಂಕುಡೊಂಕಾದರೆ, "ನಮ್ಮ ಮೊಳಕಾಲ್ಮೂರು ಗಡಿನೂ ಹಿಂಗೇ ಐತೆ ಬಿಡು, ಆಂಧ್ರದೊಳಗೆ ಹೋಗಿ ಬರ್ತೈತೆ" ಎಂದು ಅದನ್ನು ತಮ್ಮ ತಟ್ಟೆಗೇ ಹಾಕಿಕೊಳ್ಳುತ್ತಿದ್ದರು.

ನಮ್ಮಲ್ಲಿ ತೀರಿಕೊಂಡವರನ್ನು ಚಕ್ಕಳಮಕ್ಕಳ ಕೂರಿಸಿ ಮಣ್ಣು ಮಾಡುತ್ತೇವೆ. ಅತ್ತೆಯ ಅವ್ವ ಹೋದಾಗ, ಸೆಟೆದ ಮಂಡಿಗಳನ್ನು ಒತ್ತಿ ಮಡಚಬೇಕಾಯಿತಂತೆ. ಆ ಸದ್ದು ಅತ್ತೆಯ ಕಿವಿ ಬಿಟ್ಟು ಹೋಗಿರಲಿಲ್ಲ. ತಮ್ಮ ಮಂಡಿಗಳೂ ಮಡಚದಂತಾದಾಗ, ನೋವಿಗಿಂತ ಆ ಸದ್ದಿಗೇ ಹೆದರಿ ಆಪರೇಷನ್ನಿಗೆ ಒಪ್ಪಿದರು.

ನಾನು ಅತ್ತೆಯನ್ನು ಕರೆದುಕೊಂಡು ಹೋದ ಮೂಳೆ ಡಾಕ್ಟರು ಆಪರೇಷನ್ ಮಾಡುವಾಗ ಒಂದು ದಪ್ಪ ಕನ್ನಡಕ ಹಾಕುತ್ತಾರೆ. ಮೂಳೆಯನ್ನು ಎಲ್ಲಿ, ಎಷ್ಟು ಓರೆಯಾಗಿ ಕೊಯ್ಯಬೇಕೆಂಬ ಬಣ್ಣದ ಗೆರೆಗಳು ಅದರೊಳಗೆ, ಮಂಡಿಯ ಮೇಲೆಯೇ ಬರೆದಂತೆ ಕಾಣುತ್ತವೆ. ಅದನ್ನು ಅತ್ತೆಗೂ ಹಾಕಿ, ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಮಂಡಿಯನ್ನು ತೋರಿಸಿದರು.

"ಅಯ್ಯೋ, ಎಲುಬಿನ ಮ್ಯಾಲೆ ರಂಗೋಲಿ ಬಿಟ್ಟಾರಲ್ಲೇ!" ಎಂದು ನಕ್ಕ ಅತ್ತೆ ನನ್ನನ್ನು ಮೊಣಕೈಯಿಂದ ತಿವಿದರು. "ಕೇಳು ತಾಯಿ, ಕಾಲು ಮಡಚ್ತಾವಾ ಅಂತ."

"ಮೆಟ್ಟಿಲು ಹತ್ತಬಹುದು ಅಜ್ಜಿ, ಸಂತೆಗೂ ಹೋಗಬಹುದು" ಎಂದರು ಡಾಕ್ಟರು.

"ಸಂತೆ ಮನೆ ಹಾಳಾಗ್ಲಿ. ನಾನು ಸತ್ತಾಗ ಕೂರ್ಸೋಕೆ ಬರ್ತೈತಾ, ಅದು ಹೇಳ್ರಿ."

ಡಾಕ್ಟರು ಅತ್ತೆಯ ಕಣ್ಣಿಂದ ಕನ್ನಡಕ ತೆಗೆದು ಒರೆಸಿಟ್ಟರು. ಆಮೇಲೆ, "ಮಡಚ್ತಾವೆ ಅಜ್ಜಿ" ಎಂದರು.

ಹಿತ್ತಲಿನ ಬಿಸಿಲಲ್ಲಿ ಆ ಬೆಳಿಗ್ಗೆ ಎಣ್ಣೆ ಸವರಿಕೊಳ್ಳುತ್ತಲೇ, "ಇನ್ನೊಂದೀಟು ಟೀ ಕೊಡ್ತೀಯಾ?" ಎಂದರು. ನಾನು ಲೋಟ ಹಿಡಿದು ಬರುವಷ್ಟರಲ್ಲಿ ತಲೆ ಭುಜಕ್ಕೆ ವಾಲಿತ್ತು. ಎಣ್ಣೆಯ ಕೈ ಇನ್ನೂ ಮಂಡಿಯ ಮೇಲೇ ಇತ್ತು.

ಮೈ ತಣ್ಣಗಾಗುವ ಮುಂಚೆಯೇ ಕೇರಿಯ ಹಿರಿಯರು ಬಂದು ಕೂರಿಸಿದರು. ನಾನು ಬಾಗಿಲ ಚೌಕಟ್ಟು ಹಿಡಿದು, ಕಿವಿಗೊಟ್ಟು ನಿಂತಿದ್ದೆ. ಸದ್ದೇ ಬರಲಿಲ್ಲ. ಆಗತಾನೇ ಉಡಿಸಿದ ರೇಷ್ಮೆ ಸೀರೆಯ ನಿರಿಗೆಯೊಳಗೆ ಕಾಲುಗಳೆರಡೂ ಮೆಲ್ಲಗೆ ಮಡಚಿಕೊಂಡವು. "ನೋಡ್ರಿ ಅತ್ತೆ, ಮಡಚಿದ್ವು" ಎನ್ನಲು ಬಾಯಿ ತೆರೆದೆ. ಕೇಳಿಸಿಕೊಳ್ಳಬೇಕಾದವರೇ ಇರಲಿಲ್ಲ.

ಸಂಜೆ ಮಣ್ಣು ಮಾಡಿ ಬಂದವರೆಲ್ಲ ಅಂಗಳದಲ್ಲಿ ಕಾಲು ತೊಳೆಯುತ್ತಿದ್ದರು. ಪಕ್ಕದ ಮನೆಯಾಕೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ನನ್ನತ್ತ ತಿರುಗಿ ಹೇಳಿದಳು: "ಎಷ್ಟು ಸಲೀಸಾಗಿ ಕುಂತ್ರು ನೋಡಕ್ಕ! ನಮ್ಮತ್ತೆಗೂ ಆ ಡಾಕ್ಟ್ರ ಹತ್ರಾನೇ ಮಾಡಿಸ್ಬೇಕು."